ಪೀಠದ ಮೇಲಿನ ಜರಿಗಲ್ಲು

ಪೀಠದ ಮೇಲಿನ ಕಲ್ಲು ಬದಲಾಗಿದೆ ಎಂದು ಕೇದಾರನಿಗೆ ಅನ್ನಿಸಿದ್ದು ಬೆಳಗಿನ ಪೂಜೆಗೆ ಎಣ್ಣೆಬಟ್ಟಲು ಹಿಡಿದು ಒಳಗೆ ಕಾಲಿಟ್ಟ ಕೂಡಲೇ.

ನಿನ್ನೆಯವರೆಗೆ ಅದು ಕಪ್ಪಗಿತ್ತು. ಕಾಡಿಗೆಯಂಥ ಕಪ್ಪು, ದೀಪದ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ಈಗ ಅಲ್ಲಿ ಕೂತಿದ್ದದ್ದು ಬೂದು ಬಣ್ಣದ, ಒರಟು ಮೈಯ ಗಿಡ್ಡ ಕಲ್ಲು. ಮೈತುಂಬ ಹಲ್ಲುಹಲ್ಲು.

ಕೇದಾರ ಬಟ್ಟಲು ಕೆಳಗಿಟ್ಟು ಹತ್ತಿರ ಹೋಗಿ ಮೂಸಿ ನೋಡಿದ. ಎಳ್ಳೆಣ್ಣೆಯ ವಾಸನೆಯೇ ಇಲ್ಲ.

"ಕದ್ದುಬಿಟ್ಟ," ಎಂದ ತನ್ನಷ್ಟಕ್ಕೇ.

ಯಾರು ಎಂದು ಯೋಚಿಸಬೇಕಾಗಿರಲಿಲ್ಲ. ನದಿಯ ದಡದ ಆ ಆಶ್ರಮದಲ್ಲಿ ಇದ್ದವರೇ ಮೂವರು. ಗುರುಗಳಾದ ಚಿದ್ಘನರು, ಹಿರಿಯ ಶಿಷ್ಯನಾದ ಕೇದಾರ, ಕಿರಿಯ ಶಿಷ್ಯ ಭುಜಂಗ. ಗುರುಗಳು ಕದಿಯುವವರಲ್ಲ. ತಾನು ಕದ್ದಿಲ್ಲ.

ಆ ಕಲ್ಲು ಗುರುಗಳಿಗೆ ಅವರ ಗುರುಗಳಿಂದ ಬಂದದ್ದು. ನರ್ಮದೆಯ ಪ್ರದಕ್ಷಿಣೆಗೆ ಹೋಗಿದ್ದ ಆ ಹಿರಿಯರು ಅದನ್ನು ಜೋಳಿಗೆಯಲ್ಲಿ ಹೊತ್ತು ತಂದರಂತೆ. ಆಶ್ರಮದಲ್ಲಿ ವಿಗ್ರಹವಿಲ್ಲ, ಪಾದುಕೆಯಿಲ್ಲ. ಪರಂಪರೆಗೆ ಗುರುತು ಎಂದರೆ ಇದೊಂದೇ.

ಗುರುಗಳು ಅದನ್ನು ಜರಿಗಲ್ಲು ಎನ್ನುತ್ತಿದ್ದರು. ಅದು ಹುಟ್ಟಿನಿಂದ ಕಲ್ಲಲ್ಲ, ಜರಿಗಿಡದ ಕಾಂಡ; ನಮ್ಮ ಹೊಳೆಬದಿಯ ರಾಜಜರಿ ಇದರ ವಂಶದ್ದೇ ಎಂದೂ ಹೇಳುತ್ತಿದ್ದರು. ಕೇದಾರನಿಗೆ ಆ ಮಾತಿನ ಮೇಲೂ ಸ್ವಲ್ಪ ಅನುಮಾನವಿತ್ತು. ಆದರೆ ದಿನವೂ ಎಣ್ಣೆ ಹಚ್ಚುವುದನ್ನು ಅವನು ತಪ್ಪಿಸಿದವನಲ್ಲ. ಅನುಮಾನದ ಪಾಡಿಗೆ ಅನುಮಾನ, ಪೂಜೆಯ ಪಾಡಿಗೆ ಪೂಜೆ.

ಮೊನ್ನೆ ಪಟ್ಟಣದಿಂದ ಕಾರಿನಲ್ಲಿ ಒಬ್ಬ ಬಂದಿದ್ದ. ಇಂಥ ಕಲ್ಲುಗಳನ್ನು ಕೊಂಡು ಮನೆಯಲ್ಲಿ ಗಾಜಿನ ಬೀರುವಿನಲ್ಲಿ ಜೋಡಿಸಿಡುವ ಮನುಷ್ಯ. ಕಲ್ಲನ್ನು ಕೇಳಿದ, ಗುರುಗಳು ನಕ್ಕು ಕಳಿಸಿದರು. ಹೊರಡುವ ಮುಂಚೆ ಅವನು ಮರದ ಕೆಳಗೆ ನಿಂತು ಭುಜಂಗನ ಜೊತೆ ಮಾತಾಡಿದ್ದ. ಇಬ್ಬರೂ ನಗುತ್ತಿದ್ದರು.

ನಿನ್ನೆ ಭುಜಂಗ ಪಟ್ಟಣಕ್ಕೆ ಹೋಗಿದ್ದ. ಹೋಗುವಾಗ ಹೆಗಲಿನ ಚೀಲ ಭಾರವಾಗಿತ್ತು. ಬರುವಾಗ ಖಾಲಿ.

ಇನ್ನೇನು ಬೇಕು?

*

ಗುರುಗಳು ಅಂಗಳದಲ್ಲಿ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದರು. ಕೇದಾರ ಹೇಳಿದ್ದನ್ನೆಲ್ಲ ಕೇಳಿದರು. ಕೈಯ ಕಡ್ಡಿ ನಿಲ್ಲಲಿಲ್ಲ.

"ಭುಜಂಗಾ," ಎಂದು ಕೂಗಿದರು.

ಭುಜಂಗ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದ.

"ನೀನು ಪೀಠದ ಕಲ್ಲು ಮಾರಿ ಬೇರೆ ಕಲ್ಲು ಇಟ್ಟಿದ್ದೀಯಂತೆ. ಕೇದಾರ ಹೇಳುತ್ತಾನೆ."

ಭುಜಂಗ ಕಣ್ಣರಳಿಸಿದ. "ಅಯ್ಯೋ, ಕೇದಾರಣ್ಣ, ಒಂದು ಮಾತು ಕೇಳು. ಆ ಕಲ್ಲು..."

"ನೀನು ಬಾಯಿ ಬಿಡಬೇಡ," ಎಂದ ಕೇದಾರ.

"ಅವನು ಹೇಳುವುದನ್ನು ಕೇಳುವುದಿಲ್ಲವೇ?" ಎಂದರು ಗುರುಗಳು.

"ಕಳ್ಳ ಏನು ಹೇಳುತ್ತಾನೆ ಅಂತ ನನಗೆ ಗೊತ್ತು. ಅವನ ಮಾತು ನನಗೆ ಸಾಕ್ಷಿಯಲ್ಲ."

"ನನ್ನ ಮಾತು?"

ಕೇದಾರ ಸೌಟಿನ ಕಡೆ ನೋಡಿದ. ಗುರುಗಳಿಗೆ ಕಿರಿಯವನ ಮೇಲೆ ಮಮತೆ ಜಾಸ್ತಿ ಎಂಬುದು ಅವನ ಎಷ್ಟೋ ದಿನದ ಸಂಶಯ. ಗಂಜಿ ಬಡಿಸುವಾಗ ಭುಜಂಗನ ಬಟ್ಟಲಿಗೆ ಇನ್ನೊಂದು ಸೌಟು ಬೀಳುವುದನ್ನು ಕಣ್ಣಾರೆ ಕಂಡಿದ್ದ.

"ಸರಿ," ಎಂದರು ಗುರುಗಳು. "ಹಾಗಾದರೆ ಕಲ್ಲನ್ನೇ ಕೇಳು. ಭುಜಂಗಾ, ಕಲ್ಲು ಹೇಳುವ ತನಕ ನೀನು ಈ ಬಗ್ಗೆ ಏನೂ ಹೇಳುವುದು ಬೇಡ."

"ಆಗಲಿ ಗುರುಗಳೇ."

ಕೇದಾರ ಮುಂದೆ ಬಂದ. "ಒಂದು ಮಾತು. ಅದು ಸುಳ್ಳು ಕಲ್ಲಾದರೆ ಇವನು ಆಶ್ರಮ ಬಿಡಬೇಕು. ನಿಜವಾದ ಕಲ್ಲಾದರೆ ನಾನೇ ಬಿಡುತ್ತೇನೆ. ಮತ್ತೆ ಈ ದಡಕ್ಕೆ ಕಾಲಿಡುವುದಿಲ್ಲ."

"ಯಾರಾದರೂ ಕೇಳಿದರೇ ನಿನ್ನನ್ನು ಆಣೆ ಇಡು ಅಂತ?"

"ಇಟ್ಟಾಯಿತು."

ಗುರುಗಳು ಭುಜಂಗನ ಕಡೆ ನೋಡಿದರು. "ನಿನಗೆ ಒಪ್ಪಿಗೆಯೇ?"

"ನನಗೆ ಈಗ ಅನ್ನ ಬಸಿಯುವುದಿದೆ," ಎಂದು ಭುಜಂಗ ಒಳಗೆ ಹೋದ.

*

"ಕಲ್ಲನ್ನು ಕೇಳುವುದು ಹೇಗೆ?" ಎಂದ ಕೇದಾರ.

"ಕೊಯ್ಯಬೇಕು. ಜರಿಯ ಕಾಂಡ ಹೊರಗಿನಿಂದ ಯಾವ ಗುರುತೂ ಕೊಡುವುದಿಲ್ಲ. ಅದರ ಕುಲಗೋತ್ರವೆಲ್ಲ ಒಳಗೆ."

"ಪೀಠದ ಕಲ್ಲನ್ನು ಕೊಯ್ಯುವುದೇ?"

"ಅದು ಪೀಠದ ಕಲ್ಲಲ್ಲ ಎಂದು ನೀನೇ ಹೇಳಿದೆಯಲ್ಲ."



"ಕೊಯ್ದ ಮೇಲೆ ಏನನ್ನು ನೋಡಬೇಕು?"

ಗುರುಗಳು ಒಳಗಿನಿಂದ ತರಕಾರಿ ಹೆಚ್ಚುವ ಚೂರಿ ತಂದುಕೊಟ್ಟರು. "ಸತ್ತದ್ದನ್ನು ಕೇಳುವ ಮೊದಲು ಬದುಕಿರುವುದನ್ನು ಕೇಳು."

ಹೊಳೆಯ ಜೌಗಿನಲ್ಲಿ ರಾಜಜರಿ ಎದೆಯೆತ್ತರ ನಿಂತಿತ್ತು. ಗರಿಗಳ ತುದಿಯಲ್ಲಿ ಹೂಗೊಂಚಲಿನಂಥ ಕಂದು ಜುಟ್ಟು. ಹೂವಲ್ಲ, ಬೆರಳು ತಾಗಿಸಿದರೆ ಪುಡಿ ಉದುರುತ್ತಿತ್ತು. ಕೇದಾರ ಒಂದು ಬುಡವನ್ನು ಕಿತ್ತು, ಕಾಂಡವನ್ನು ಅಡ್ಡಡ್ಡ ಕತ್ತರಿಸಿದ. ಚೂರಿ ಅರ್ಧಕ್ಕೆ ಸಿಕ್ಕಿಕೊಂಡಿತು. ಕಾಲಿನಿಂದ ಒತ್ತಿ ಕೊಯ್ಯಬೇಕಾಯಿತು.

ಕೆಳಗಿನ ತುಂಡು ಹಿಡಿದುಕೊಂಡು ಬಂದ.

"ಏನು ಕಂಡೆ?"

"ಇಷ್ಟು ದಪ್ಪ ಇದ್ದರೂ ನಿಜವಾದ ಕಾಂಡ ಹೆಬ್ಬೆರಳಿನಷ್ಟೇ. ನಡುವೆ ಬಿಡಿಬಿಡಿ ಮಣಿ ಪೋಣಿಸಿದ ಬಳೆಯ ಹಾಗೆ ಒಂದು ಸುತ್ತು. ಮಿಕ್ಕಿದ್ದೆಲ್ಲ ಉದುರಿಹೋದ ಹಳೆಯ ಗರಿಗಳ ಬುಡ. ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ."

"ಆ ಬುಡಗಳ ಒಳಗೆ?"

"ಒಂದೊಂದರಲ್ಲೂ ಒಂದು ಬಿದಿಗೆ ಚಂದ್ರ."

"ನೆನಪಿಟ್ಟುಕೋ," ಎಂದರು ಗುರುಗಳು. ಆಮೇಲೆ ತಮ್ಮ ಹಳೆಯ ಟ್ರಂಕು ತೆಗೆದು ತಂತಿ ಕಟ್ಟಿದ ಬಿಲ್ಲು ಮತ್ತು ಕಲ್ಲು ತೇಯುವ ಕುರುಂದದ ಪುಡಿಯ ಡಬ್ಬಿ ಹೊರಗಿಟ್ಟರು. "ಕಲ್ಲಿನ ಮೇಲೆ ಪುಡಿ ಉದುರಿಸಿ, ನೀರು ಹನಿಸುತ್ತ, ತಂತಿ ಎಳೆಯಬೇಕು. ನಿಧಾನದ ಕೆಲಸ."

ಕಲ್ಲು ಕೊಯ್ಯುವ ಬಿಲ್ಲು ಗುರುಗಳ ಟ್ರಂಕಿನಲ್ಲಿ ಏಕಿದೆ? ಪೂರ್ವಾಶ್ರಮದಲ್ಲಿ ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು ಎಂದು ಕೆಲವರು ಅನ್ನುತ್ತಿದ್ದರು. ಹರಳು ಕೊಯ್ಯುವವರ ಮಗ ಎಂದು ಇನ್ನು ಕೆಲವರು. ಕೇಳಿದರೆ ಗುರುಗಳು ಎರಡಕ್ಕೂ ತಲೆಯಾಡಿಸುತ್ತಿದ್ದರು. ಕೇದಾರನಿಗೆ ಅದೂ ಸರಿ ಕಂಡಿರಲಿಲ್ಲ.

*

ಒಬ್ಬನೇ ಮಾಡುವ ಕೆಲಸವಾಗಿರಲಿಲ್ಲ. ಕೇದಾರ ಬಿಲ್ಲು ಎಳೆಯುತ್ತಿದ್ದ. ಭುಜಂಗ ಎದುರು ಕೂತು ನೀರು ಹನಿಸುತ್ತಿದ್ದ.

ಕೇದಾರ ಅವನ ಕೈಯನ್ನೇ ನೋಡುತ್ತಿದ್ದ. ಇವನು ನೀರಿನ ಜೊತೆ ಏನಾದರೂ ಹಾಕಿ ಗುರುತು ಅಳಿಸಿಬಿಟ್ಟರೆ?

"ಚೊಂಬು ತೋರಿಸು," ಎಂದ.

ಭುಜಂಗ ತೋರಿಸಿದ.

"ಕುಡಿದು ತೋರಿಸು."

ಭುಜಂಗ ಕುಡಿದ. "ಇನ್ನು ಮೇಲೆ ನನಗೆ ಬಾಯಾರಿದಾಗಲೆಲ್ಲ ಹೀಗೇ ಅನುಮಾನಪಡು, ಕೇದಾರಣ್ಣ. ಸೆಕೆ ಬಹಳ ಇದೆ."

ತಂತಿ ಸರ್ರಸರ್ರನೆ ಓಡಾಡಿತು. ಬೂದು ಕೆಸರು ಇಳಿಯಿತು.

"ಆ ಕಾರಿನವನ ಜೊತೆ ಅಷ್ಟು ನಗುತ್ತ ಏನು ಮಾತಾಡಿದೆ?"

"ಅವನ ಕಾರಿನೊಳಗೆ ನಮ್ಮ ಬೆಕ್ಕು ಹೋಗಿ ಕೂತಿತ್ತು. ಸೀಟಿನ ಮೇಲೆ. ಇಳಿಯಲೊಲ್ಲೆ ಅಂತು. ಕಲ್ಲು ಕೊಡದಿದ್ದರೆ ಬೆಕ್ಕನ್ನಾದರೂ ಕೊಡಿ ಅಂದ."

"ಚೀಲದಲ್ಲಿ ಏನಿತ್ತು?"

"ತಾಮ್ರದ ತಪ್ಪಲೆ. ಕಲಾಯಿಗೆ ಕೊಟ್ಟು ಬಂದೆ. ನೀನೇ ಹೇಳಿದ್ದೆಯಲ್ಲ, ಸಾರು ಕಿಲುಬು ವಾಸನೆ ಬರುತ್ತಿದೆ ಅಂತ."

ಹೇಳಿದ್ದು ನಿಜ. ಆದರೆ ಕೇದಾರನಿಗೆ ಸಂಶಯ ಇನ್ನೂ ಗಟ್ಟಿಯಾಯಿತು. ಪ್ರಾಮಾಣಿಕನಾದವನು ತಡವರಿಸುತ್ತಾನೆ. ಇವನ ಬಳಿ ಪ್ರತಿಯೊಂದಕ್ಕೂ ಉತ್ತರ ಸಿದ್ಧವಾಗಿದೆ.

ಕೆಲಸ ಮರುದಿನಕ್ಕೂ ಹೋಯಿತು, ಅದರ ಮರುದಿನಕ್ಕೂ. ಕೇದಾರನ ಅಂಗೈ ಬೊಬ್ಬೆ ಎದ್ದಿತು. ಭುಜಂಗ ಕೇಳದೆಯೇ ಅರಿಶಿನ ಕಲಸಿ ತಂದ. ಕೇದಾರ ಅದನ್ನು ಮೂಸಿ ನೋಡಿ ಹಚ್ಚಿಕೊಂಡ.

*

ಕಲ್ಲು ಎರಡಾದಾಗ ಗುರುಗಳೂ ಬಂದು ಕೂತರು.

ಕೇದಾರ ಒಂದು ಹೋಳನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದ.

ನಡುವೆ ಮಣಿ ಪೋಣಿಸಿದ ಬಳೆ. ಸುತ್ತ ಒಂದಕ್ಕೊಂದು ಒತ್ತಿಕೊಂಡ ಗರಿಬುಡಗಳು. ಒಂದೊಂದರಲ್ಲೂ ಒಂದು ಬಿದಿಗೆ ಚಂದ್ರ. ಕಲ್ಲಿನಲ್ಲಿ.

ಅವನು ಇನ್ನೊಂದು ಹೋಳನ್ನೂ ಅದ್ದಿ ನೋಡಿದ.

"ಇದು ಯಾವ ಕಾಲದ್ದು ಗುರುಗಳೇ?"

"ಮನುಷ್ಯ ಇನ್ನೂ ಹುಟ್ಟಿರದ ಕಾಲದ್ದು. ಬೆಂಕಿಮಲೆ ಉಗುಳಿತು. ಬೂದಿ ಬಿದ್ದು ಹೊಳೆಬದಿಯ ಜರಿ ಮುಚ್ಚಿಹೋಯಿತು. ನೀರಿನಲ್ಲಿ ಕರಗಿದ್ದ ಕಲ್ಲು ಅದರೊಳಗೆ ಇಳಿಯಿತು. ಗಿಡ ಕೊಳೆಯುವ ಮೊದಲೇ, ಅದರ ಒಂದೊಂದು ಕಣದೊಳಗೂ ಹೋಗಿ ಕೂತುಬಿಟ್ಟಿತು."

ಕೇದಾರನ ಕಣ್ಣು ತುಂಬಿತು. ಆದರೆ ಅವನು ಕೇದಾರ. ತುಂಬಿದ ಕಣ್ಣನ್ನೂ ಕಿರಿದು ಮಾಡಿದ.

"ಇದು ಜರಿಗಲ್ಲೇ ಇರಬಹುದು. ಆದರೆ ನಮ್ಮ ಜರಿಗಲ್ಲು ಎನ್ನುವುದಕ್ಕೆ ಏನು ಗುರುತು? ಇವನು ಒಂದನ್ನು ಮಾರಿ ಇನ್ನೊಂದು ತಂದಿರಬಹುದು."

ಭುಜಂಗ ಹಣೆ ಚಚ್ಚಿಕೊಂಡ.

ಗುರುಗಳು ಮಾತ್ರ ಬೇಸರಪಡಲಿಲ್ಲ. "ಅಂಚು ನೋಡು," ಎಂದರು.

ಕೊಯ್ದ ಮುಖದ ಅಂಚಿನಲ್ಲಿ, ಕಲ್ಲಿನ ಸುತ್ತಲೂ, ನೂಲಿನೆಳೆಯಷ್ಟು ಕಪ್ಪು ಇತ್ತು. ಕೇದಾರ ಉಗುರಿನಿಂದ ಕೆರೆದ. ಮೂಸಿದ.

ಕಮಟು ಎಳ್ಳೆಣ್ಣೆ.

ಅವನ ಕೈಯದೇ ಎಣ್ಣೆ. ವರ್ಷಗಟ್ಟಲೆ ಹಚ್ಚಿದ್ದು ಕಲ್ಲಿನೊಳಗೆ ಇಳಿದಿತ್ತು. ಆದರೆ ಒಂದು ನೂಲಿನೆಳೆಯಷ್ಟು ಮಾತ್ರ.

"ಹಾಗಾದರೆ ಆ ಕಪ್ಪು ಕಲ್ಲು?" ಎಂದ.

"ಈಗ ಹೇಳಲೇ ಗುರುಗಳೇ?" ಎಂದ ಭುಜಂಗ.

"ಹೇಳು."

"ಜಿರಲೆ, ಕೇದಾರಣ್ಣ. ಎಣ್ಣೆ, ದೀಪದ ಮಸಿ, ಧೂಳು ಎಲ್ಲ ಸೇರಿ ಬೆರಳು ದಪ್ಪ ಮೆತ್ತಿತ್ತು. ಅದನ್ನು ನೆಕ್ಕಲು ಜಿರಲೆಗಳು ಸಾಲುಗಟ್ಟಿ ಬರುತ್ತಿದ್ದವು. ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿದೆ. ಕರಗಿ ಕರಗಿ ಬಂತು. ಕೆಳಗಿನ ಕಲ್ಲು ನೋಡಿ ನನಗೇ ಗಾಬರಿಯಾಯಿತು. ನೀನು ಖುಷಿಪಡುತ್ತೀಯ ಅಂದುಕೊಂಡಿದ್ದೆ."

"ಅಷ್ಟು ದಿನ ಎದುರು ಕೂತಿದ್ದೆ. ಒಂದು ಸುಳಿವು ಕೊಡಬಾರದಿತ್ತೇ?"

"ಗುರುಗಳು ಬೇಡ ಎಂದಿದ್ದರು. ಬೇಡ ಎನ್ನದಿದ್ದರೂ, ನಾನು ಕುಡಿದ ನೀರನ್ನೇ ನೀನು ನಂಬಲಿಲ್ಲವಲ್ಲ."

ಕೇದಾರ ತಲೆ ತಗ್ಗಿಸಿದ.

"ಕೇದಾರಾ," ಎಂದರು ಗುರುಗಳು, "ಕಲ್ಲಿಗೆ ಎಣ್ಣೆ ಹಚ್ಚು ಎಂದು ನಾನು ನಿನಗೆ ಯಾವತ್ತು ಹೇಳಿದ್ದೆ?"

ಅವನು ನೆನಪು ಮಾಡಿಕೊಂಡ. ಬಂದ ಹೊಸತರಲ್ಲಿ ಕಲ್ಲು ಬೋಳಾಗಿ ಕಂಡಿತ್ತು. ಪೂಜೆ ಎಂದ ಮೇಲೆ ಏನಾದರೂ ಬೇಕಲ್ಲ ಎಂದು ತಾನೇ ಶುರುಮಾಡಿದ್ದ.

"ಹೇಳಿರಲಿಲ್ಲ," ಎಂದ.

*

ಅವನು ಎದ್ದು ಹೋಗಿ ಬಟ್ಟೆಯ ಗಂಟು ಕಟ್ಟಿದ. ಆಣೆ ಆಣೆಯೇ.

ಹೊರಗೆ ಬಂದಾಗ ಅಂಗಳದಲ್ಲಿ ಅವನು ಅಂದು ಕೊಯ್ದ ಜರಿಯ ತುಂಡು ಒಣಗಿ ಬಿದ್ದಿತ್ತು. ಪಕ್ಕದಲ್ಲಿ ಕಲ್ಲಿನ ಹೋಳು. ಅವನ ಕಾಲು ನಿಂತಿತು. ಕೂತ. ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು ನೋಡತೊಡಗಿದ.

"ಗುರುಗಳೇ," ಎಂದ.

"ಇನ್ನೂ ಹೋಗಲಿಲ್ಲವೇ?"

"ಇವೆರಡೂ ಒಂದೇ ಅಲ್ಲ."

ಗುರುಗಳು ಎಲೆ ಹಚ್ಚುವುದನ್ನು ನಿಲ್ಲಿಸಿದರು. ಕಲ್ಲು ಕಳುವಾಗಿದೆ ಎಂದಾಗಲೂ ಅವರ ಕೈ ನಿಂತಿರಲಿಲ್ಲ.

"ಏನು ಬೇರೆ?"

"ಚಂದ್ರ ಎರಡರಲ್ಲೂ ಇದೆ. ಆದರೆ ಜರಿಯಲ್ಲಿ ಚಂದ್ರನ ಮಡಿಲಲ್ಲಿ ಒಂದು ಕಪ್ಪು ಮಚ್ಚೆ. ಕಲ್ಲಿನಲ್ಲಿ ಎರಡು, ಚಿಕ್ಕವು. ಒಂದೆರಡು ಬುಡದಲ್ಲಲ್ಲ, ಎಲ್ಲದರಲ್ಲೂ ಹಾಗೇ ಇದೆ. ನೀವು ಕಲ್ಲಿನ ವಂಶದ್ದೇ ಈ ಜರಿ ಎಂದಿರಿ. ವಂಶವಾದರೆ ಮಚ್ಚೆ ಏಕೆ ಬದಲಾಯಿತು?"

ಗುರುಗಳು ಎದ್ದು ಬಂದು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಹೌದಲ್ಲ," ಎಂದರು. "ನನ್ನ ಗುರುಗಳು ಇದನ್ನು ಕೊಯ್ದಿರಲಿಲ್ಲ. ನಾನೂ ಕೊಯ್ದಿರಲಿಲ್ಲ. ನನಗೂ ಗೊತ್ತಿರಲಿಲ್ಲ."

ಕೇದಾರ ಬೆಚ್ಚಿದ. "ಕೊಯ್ಯದೆಯೇ ಜರಿಗಲ್ಲು ಎಂದಿರೇ?"

"ಇಂಥ ಬೇರೆ ಕಲ್ಲುಗಳ ಹೋಳು ನೋಡಿದ್ದೆ. ಇದೂ ಹಾಗೆಯೇ ಇರಬೇಕು ಎಂದುಕೊಂಡೆ. ಅಂದುಕೊಂಡದ್ದನ್ನು ಗೊತ್ತಿರುವಂತೆ ಹೇಳಿದೆ." ಗುರುಗಳು ಎರಡನ್ನೂ ಅಕ್ಕಪಕ್ಕ ಇಟ್ಟರು. "ಇವು ಅಜ್ಜ ಮೊಮ್ಮಗ ಅಲ್ಲದಿರಬಹುದು. ದೊಡ್ಡಪ್ಪ, ಚಿಕ್ಕಪ್ಪನ ಕಡೆಯವರಿರಬಹುದು. ಇವರ ದಾಯಾದಿಗಳಲ್ಲಿ ಮರದಷ್ಟು ಎತ್ತರ ಬೆಳೆದವರೂ ಇದ್ದರು. ಅವರು ಯಾರೂ ಉಳಿಯಲಿಲ್ಲ. ಹೊಳೆಬದಿಯ ಕೆಸರಿನಲ್ಲಿ ತಗ್ಗಾಗಿ ನಿಂತವರು ಉಳಿದರು. ಚಂದ್ರನನ್ನು ಇಟ್ಟುಕೊಂಡರು, ಮಚ್ಚೆಯನ್ನು ಬದಲಿಸಿಕೊಂಡರು."

"ಹಾಗಾದರೆ ಪರಂಪರೆ ಎಂದರೆ ಯಾವುದು? ಚಂದ್ರನೋ, ಮಚ್ಚೆಯೋ?"

"ಹೇಗೂ ಹೊರಟು ನಿಂತಿದ್ದೀಯಲ್ಲ. ಹೋಗುತ್ತ ದಾರಿಯಲ್ಲಿ ಯೋಚಿಸು."

ಕೇದಾರ ಗಂಟು ಎತ್ತಿಕೊಂಡ.

"ತಡಿ," ಎಂದರು ಗುರುಗಳು. "ಆ ಗಿಡವನ್ನು ಕೊಯ್ದೆಯಲ್ಲ, ಮೇಲಿನ ತಲೆ ಎಲ್ಲಿ?"

"ಜೌಗಿನಲ್ಲೇ ಎಸೆದೆ."

"ನಿನ್ನ ಆಣೆಯಲ್ಲಿ ಅದರ ಪಾಲು ಇರಲಿಲ್ಲ. ಅದನ್ನು ನೆಟ್ಟು, ಗರಿ ಬಂದ ಮೇಲೆ ಹೋಗು."

*

ತಲೆ ಬಾಡಿತ್ತು, ಸತ್ತಿರಲಿಲ್ಲ. ಕೇದಾರ ಅದನ್ನು ಜೌಗಿನಲ್ಲಿ ನಿಲ್ಲಿಸಿ, ಸುತ್ತ ಕೆಸರು ಒತ್ತಿದ. ಬೇಸಗೆಯುದ್ದಕ್ಕೂ ನೀರು ಹೊತ್ತು ಹಾಕಿದ. ಇದ್ದ ಗರಿಗಳೂ ಒಣಗಿ ಉದುರಿದವು.

ಗುರುಗಳು ಸತ್ತ ಗಿಡವನ್ನು ಕೊಟ್ಟು ತನ್ನನ್ನು ಕಟ್ಟಿಹಾಕಿದ್ದಾರೆಯೇ ಎಂದು ಅವನಿಗೆ ಅನುಮಾನ ಬಂದದ್ದುಂಟು. ಆದರೂ ನೀರು ತಪ್ಪಿಸಲಿಲ್ಲ.

ಗಂಟು ಮೂಲೆಯಲ್ಲಿ ಹಾಗೇ ಇತ್ತು. ಎರಡು ಹೋಳುಗಳೂ ಬಟ್ಟೆಯಲ್ಲಿ ಸುತ್ತಿ ಅದರ ಪಕ್ಕದಲ್ಲೇ ಇದ್ದವು. ಪೀಠ ಖಾಲಿಯಿತ್ತು. ಗುರುಗಳು ಖಾಲಿ ಪೀಠಕ್ಕೇ ಕೈಮುಗಿಯುತ್ತಿದ್ದರು.

ಮೊದಲ ಮಳೆ ಬಂದು ಹೋದ ಮೇಲೆ ಒಂದು ಬೆಳಿಗ್ಗೆ, ಹಳೆಯ ಬುಡಗಳ ನಡುವಿನಿಂದ ಒಂದು ಸುರುಳಿ ಎದ್ದಿತ್ತು. ಮಗುವಿನ ಮುಷ್ಟಿಯಂತೆ ಮುಚ್ಚಿಕೊಂಡದ್ದು, ಮೈಮೇಲೆ ಕೆಂಚು ನೂಲು.

ಕೇದಾರ ಕೆಸರುಗಾಲಿನಲ್ಲೇ ಓಡಿ ಬಂದ.

"ಗರಿ ಬಂತು," ಎಂದ. ಆಮೇಲೆ ಧ್ವನಿ ತಗ್ಗಿಸಿ, "ಇನ್ನು ಹೊರಡುತ್ತೇನೆ ಗುರುಗಳೇ."

"ಎಲ್ಲಿಂದ ಬಂತು?"

"ಸತ್ತ ಬುಡಗಳ ನಡುವಿನಿಂದ. ಅವು ಒತ್ತಿ ಹಿಡಿದಿರದಿದ್ದರೆ ತಲೆ ನಿಲ್ಲುತ್ತಲೇ ಇರಲಿಲ್ಲ."

ಗುರುಗಳು ಭುಜಂಗನ ಕಡೆ ತಿರುಗಿದರು. "ಕಳ್ಳ ಎನ್ನಿಸಿಕೊಂಡವನು ನೀನು. ಆಣೆಯ ಇನ್ನೊಂದು ತುದಿ ನಿನ್ನ ಕೈಯಲ್ಲಿದೆ. ಏನು ಹೇಳುತ್ತೀ?"

ಕೇದಾರ ಭುಜಂಗನ ಎದುರು ನಿಂತ. ಬಗ್ಗಿ ಕಿರಿಯವನ ಪಾದ ಮುಟ್ಟಲು ಹೋದ.

ಭುಜಂಗ ಹಿಂದಕ್ಕೆ ಹಾರಿದ. "ಏ, ಬೇಡ ಮಾರಾಯ! ನೀನು ಬಗ್ಗಿದ್ದು ನೋಡಿದರೆ ನನ್ನ ಕಾಲಲ್ಲಿ ಏನೋ ಹುಡುಕುತ್ತಿದ್ದೀ ಅನ್ನಿಸುತ್ತದೆ." ಆಮೇಲೆ ಮೆತ್ತಗೆ ಹೇಳಿದ: "ಇದ್ದುಬಿಡಲಿ ಗುರುಗಳೇ. ಆ ಆಣೆ ನಾನು ಬಿಟ್ಟೆ. ಇವನು ಹೋದರೆ ಸಾರಿಗೆ ಕಿಲುಬು ಬಂದಿದೆ ಅಂತ ಯಾರು ಹೇಳುತ್ತಾರೆ?"

ಕೇದಾರ ಗಂಟು ಬಿಚ್ಚಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ಎರಡು ಹೋಳುಗಳನ್ನು ಮೊದಲು ತೆಗೆದ. ಒರೆಸಿದ. ಪೀಠದ ಮುಂದೆ ಹೋಗಿ ನಿಂತುಕೊಂಡ. ಇಡದೆ ಅಲ್ಲೇ ನಿಂತ.

"ಮತ್ತೇನು?" ಎಂದರು ಗುರುಗಳು.

"ಒಂದು ಕೇಳಬಹುದೇ?"

"ಕೇಳು."

"ಕಲ್ಲು ಜರಿಯದೇ ಎಂದು ಕಂಡೆ. ನಾನು ಎಣ್ಣೆ ಹಚ್ಚಿದ್ದೇ ಎಂದೂ ಕಂಡೆ. ಆದರೆ ಇದನ್ನು ನಿಮಗೆ ನಿಮ್ಮ ಗುರುಗಳೇ ಕೊಟ್ಟರು ಎನ್ನುವುದಕ್ಕೆ ಏನು ಸಾಕ್ಷಿ?"

ಭುಜಂಗ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಗುರುಗಳು ನಗತೊಡಗಿದರು. ನಗುತ್ತ ನಗುತ್ತ ಕೆಮ್ಮು ಬಂತು. ಕಣ್ಣೊರೆಸಿಕೊಂಡು, ಪೀಠದ ಕಡೆ ಕೈ ತೋರಿಸಿದರು.

"ಕೊಯ್ದ ಮುಖ ಮೇಲಕ್ಕಿರಲಿ," ಎಂದರು. "ಎಣ್ಣೆ ಹಚ್ಚಬೇಡ."